ಸ್ವರವಿಲ್ಲದ ಹೆಸರು

ಗ್ರ್‌ಕ್.
ಬರೆಯುವುದೇನೋ ಬರೆದೆ. ಓದಲು ಹೋದರೆ
ನಾಲಿಗೆ ಕಲ್ಲಿಗೆ ಎಡವುತ್ತದೆ.
ನಮ್ಮ ಬಾಯಿ ಸುಮ್ಮನಿರದೆ ಒಂದು ಉಕಾರ ಅಂಟಿಸಿ
ಗರ್ಕು ಅಂದುಬಿಡುತ್ತದೆ, ಸಾಕಿದ ಬೆಕ್ಕನ್ನು ಕರೆದ ಹಾಗೆ.
ಲುಕ್ರಿಯಾ ನಕ್ಕಳು. ಅವಳ ಬಾಯಲ್ಲಿ ಅದು
ಒಣಬಳ್ಳಿ ಮುರಿದ ಸದ್ದು.

ಕಹಿ ಅಂತ ಅರ್ಥ ಎನ್ನುವವರಿದ್ದಾರೆ,
ಯವನ ಅಂತ ಎನ್ನುವವರೂ.
ಎರಡೂ ಒಂದೇ ಇರಬಹುದು ಬಿಡು, ಎಂದಳು,
ಬಂದವರು ಯಾರೂ ಸಿಹಿಯಾಗಿರಲಿಲ್ಲ.

ಕೊರ್ಚುಲ ದ್ವೀಪದ ಮೂಡಣ ತುದಿ, ಲುಂಬಾರ್ದ.
ಕಾಲಡಿಗೆ ಮರಳು, ಸುಟ್ಟ ರೊಟ್ಟಿಯ ಬೆನ್ನಿನ ಬಣ್ಣ.
ಊರೂರ ತೋಟ ತಿಂದು ಬಂದ ಬೇರುಹೇನು
ಇಲ್ಲಿ ಬಿಲ ತೋಡಿದಷ್ಟೂ ಕುಸಿದು ಸೋತಿತಂತೆ.
ಇಲ್ಲೇ ಯವನರು ನೆಲ ಹಂಚಿಕೊಂಡು
ಹೆಸರು ಕೆತ್ತಿಸಿದ ಶಾಸನ, ಚೂರುಚೂರಾಗಿ ಸಿಕ್ಕಿತು.
ಹಂಚಿಕೆ ಇನ್ನೂ ಮುಗಿದಿಲ್ಲ:
ಲುಕ್ರಿಯಾಳ ಅಪ್ಪ, ಪ್ರೊಶ್ಪೆರನ ಅಪ್ಪ
ಒಂದೂವರೆ ಗೇಣು ಗೋಡೆಗಾಗಿ ಮಾತು ಬಿಟ್ಟರು.
ಮಕ್ಕಳ ಹೆಸರಿಗೆ ತೋಟದ ಜತೆ
ಆ ಮೌನದ ಖಾತೆಯೂ ಆಯಿತು.
ಇಗರ್ಜಿಯಲ್ಲಿ ಬೇರೆ ಬೇರೆ ಬೆಂಚು.

ಗೋಡೆಯಾಚೆ ಅವನದು ಪ್ಲಾವಾಟ್ಸ್, ಮಸಿಗಪ್ಪು ದ್ರಾಕ್ಷಿ.
ಈಚೆ ಇವಳದು, ಬಿಳಿ.

ಈ ಬಿಳಿಯದರ ಸಂಗತಿ ಏನೆಂದರೆ
ಹೂವೆಲ್ಲ ಹೆಣ್ಣು.
ಕೇಸರಗಳಿವೆ, ಹಿಂದಕ್ಕೆ ಬಾಗಿ, ಬರಿಗೈ.
ಬೇಸಗೆಯ ಮೊದಲಲ್ಲಿ ಒಂದು ವಾರ
ಯಾರದೋ ಬಳ್ಳಿಯ ಧೂಳು ಬಂದು ಮುಟ್ಟದಿದ್ದರೆ
ಗೊಂಚಲ ತುಂಬ ಸಾಸಿವೆ.

ನನಗೆ ಅಲ್ಲಿ ಕಾಗುಣಿತ ನೆನಪಾಯಿತು.
ಸ್ವರ ತಾನೇ ನಿಲ್ಲುತ್ತದೆ, ವ್ಯಂಜನಕ್ಕೆ ಆಸರೆ ಬೇಕು,
ಎಂದು ಹಲಗೆಗೆ ಬೆತ್ತ ತಟ್ಟುತ್ತಿದ್ದ ಮೇಷ್ಟರೂ.
ಲುಕ್ರಿಯಾಳಿಗೆ ಯಾವ ಭಾಷೆಯಲ್ಲಿ ಹೇಳುವುದು ಇದನ್ನು?
ಹೇಳಲಿಲ್ಲ.

ಪ್ರೊಶ್ಪೆರ್ ಬಳ್ಳಿ ಕೀಳಿಸಿದ. ಬಾಡಿಗೆ ಕೋಣೆ, ಈಜುಕೊಳ.
ಮರುವರ್ಷ ಇವಳ ತೋಟದಲ್ಲಿ
ಬೂರ ಬೀಸಲಿಲ್ಲ, ಆಲಿಕಲ್ಲಿಲ್ಲ, ರೋಗವಿಲ್ಲ.
ನಲವತ್ತು ಬುಟ್ಟಿ ಬರುವಲ್ಲಿ ಆರು.
ಮದ್ದು ಹೊಡೆದಳು. ಸಂತ ರೋಕನಿಗೆ ಮೇಣದಬತ್ತಿ ಹಚ್ಚಿದಳು.
ಒಂದು ಸಂಜೆ ಗೋಡೆಗೆ ಮೊಣಕೈಯೂರಿ
ಆ ಸುಳ್ಳು ನೀಲಿಯನ್ನೇ ನೋಡುತ್ತ ನಿಂತಾಗ
ಹೊಳೆಯಿತಂತೆ:
ಇಪ್ಪತ್ತಾರು ವರ್ಷ ತಾನು ಹಿಂಡಿ, ಸೋಸಿ, ಸೀಸೆಗೆ ತುಂಬಿದ್ದು
ಅರ್ಧ ಅವನದು.
ಮಾತು ಬಿಟ್ಟ ಮನೆಯಿಂದ ವರ್ಷ ವರ್ಷ
ಗಾಳಿ ತಂದು ಸುರಿದು ಹೋದ
ಲೆಕ್ಕ ಬರೆಯದ ಕಡ.

ಹೋಗಿ ಬಾಗಿಲು ಬಡಿದೆ, ಅಂದಳು.
ಏನು ಹೇಳಿದಿರಿ?
ಬೈದೆ. ಅವನ ಅಪ್ಪನಿಂದ ಶುರುಮಾಡಿ.

ಅವನು ಪೂರ್ತಿ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿ,
ಕೊಳದ ಹಿಂದಕ್ಕೆ ಕರೆದೊಯ್ದ.
ನೆರಳಿಗೆಂದು ಉಳಿಸಿದ ಒಂಬತ್ತು ಬಳ್ಳಿ.
ಮುಂದಿನ ಹೂವಿಗೆ ರೆಂಬೆ ರೆಂಬೆಯೇ ಕತ್ತರಿಸಿ
ಟೊಮೇಟೊ ಡಬ್ಬಿಗಳಲ್ಲಿ ನೀರು ಹಾಕಿ ನಿಲ್ಲಿಸಿ
ಇವಳ ಸಾಲುಗಳ ತಂತಿಗೆ ಕಟ್ಟಿದರು ಇಬ್ಬರೂ,
ಬೇರೆಯವರ ಮದುವೆಗೆ ಚಪ್ಪರ ಹಾಕುವ
ಕೂಲಿಗಳ ಹಾಗೆ, ತಮ್ಮ ತಮ್ಮ ಗಂಟು ನೋಡುತ್ತ.

ನನ್ನ ಲೋಟದಲ್ಲಿರುವುದು ಆ ವರ್ಷ. ಹದಿನೇಳು ಬುಟ್ಟಿ.
ಮೊದಲು ಕಡಲ ಉಪ್ಪು, ಏನೋ ಹಣ್ಣು, ಹೆಸರು ಗೊತ್ತಿಲ್ಲ,
ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ
ನೆನೆಸಿಟ್ಟ ಮೆಂತ್ಯದ ಕಹಿ.

ಗರ್ಕು, ಅಂದೆ ಇನ್ನೊಮ್ಮೆ. ಆಗಲಿಲ್ಲ.
ಗೋಡೆಯಾಚೆಯಿಂದ ಗಂಡು ದನಿಯೊಂದು ತಿದ್ದಿತು.
ಲುಕ್ರಿಯಾ ತಿರುಗಿ ನೋಡಲಿಲ್ಲ.
ಒಳಗೆ ಹೋಗಿ ಇನ್ನೊಂದು ಲೋಟ ತಂದು
ಮೇಜಿನ ಮೇಲಿಟ್ಟಳು,
ಬೋರಲಾಗಿ.