ಎಳೆಯ ತುದಿ

ಮಂಗಳವಾರ. ಶಿಡ್ಲಘಟ್ಟದ ಸರ್ಕಾರಿ ಆಸ್ಪತ್ರೆ,
ಹನ್ನೊಂದನೇ ನಂಬರಿನ ಕೋಣೆ.
ಚಿಕ್ಕ ವಯಸ್ಸಿನ ಡಾಕ್ಟರಮ್ಮ
ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೇಳಿದಳು:
"ಗಂಗರತ್ನಮ್ಮ, ಇದೆಲ್ಲ ಶುರುವಾಗಿದ್ದು ಎಲ್ಲಿಂದ?"

ನಗು ಬಂತು ನನಗೆ.
ಹದಿನಾರು ವರ್ಷದಿಂದ ನನ್ನ ಕೆಲಸವೇ ಅದು.
ಶಮೀಮ್ ತಾಜ್ ಅವರ ಹಿತ್ತಲ ಶೆಡ್ಡಿನಲ್ಲಿ
ಬಿಸಿನೀರಿನ ಬೇಸಿನ್ನಿಗೆ ಕೈಯಿಟ್ಟು
ಬೆಂದ ಗೂಡಿನ ಮೈ ಸವರಿ ಸವರಿ
ಎಳೆಯ ತುದಿ ಹುಡುಕೋದು.
ಎಂಟು ಗೂಡಿನ ಎಂಟು ತುದಿ
ಕಣ್ಣು ಮುಚ್ಚಿದರೂ ಸಿಗುತ್ತೆ.
ನನ್ನದು ಮಾತ್ರ ಸಿಗ್ತಾ ಇಲ್ಲ.

ನಿದ್ದೆ ಇಲ್ಲ ಅಂದೆ. ಯಾಕೆ ಅಂದಳು.
ನಮ್ಮ ಬೀದಿಗೆ ನಾಲ್ಕು ದಿನಕ್ಕೊಂದು ಸಲ ನೀರು,
ರಾತ್ರಿ ಎರಡಕ್ಕೋ ಮೂರಕ್ಕೋ,
ವಾಲ್ವ್ ತಿರುಗಿಸೋನ ಇಷ್ಟ.
ನಲ್ಲಿ ಮೊದಲು ಕೆಮ್ಮುತ್ತೆ, ಆಮೇಲೆ ಉಗುಳುತ್ತೆ.
ಆ ಕೆಮ್ಮಿಗೆ ಏಳಬೇಕು ಅಂತ ಒಂದು ಕಿವಿಯನ್ನ
ಹೊಸಿಲಾಚೆ ಮಲಗಿಸಿರ್ತೀನಿ.
ಮಿಕ್ಕ ಮೂರು ರಾತ್ರಿಯೂ ಅದು ಅಲ್ಲೇ ಇರುತ್ತೆ,
ಕರೆದರೂ ಒಳಗೆ ಬರಲ್ಲ.

ಏನೋ ಬರೆದುಕೊಂಡಳು. ನೀರು ಅಂತ ಬರೆದಳೋ ಇಲ್ಲವೋ.

ಎದೆ ಡವಡವ ಅನ್ನುತ್ತಾ?
ಗುರುವಾರ ಗುರುವಾರ ಅಂದೆ.
ಸಂಘದ ಕಂತಿನ ಹುಡುಗ ಏಳೂವರೆಗೇ ಬಂದು
ಚಾಪೆ ಮೇಲೆ ಟ್ಯಾಬ್ ಹಿಡಿದು ಕೂರ್ತಾನೆ.
ಹತ್ತು ಜನದಲ್ಲಿ ಒಬ್ಬಳು ಕಟ್ಟದಿದ್ದರೆ
ಮಿಕ್ಕ ಒಂಬತ್ತು ಜನದ ತಲೆ ಮೇಲೆ.
ಹೋದ ತಿಂಗಳು ಸುಗುಣ ಮನೆಗೆ ಬೀಗ ಜಡಿದು ಎದ್ದುಹೋದಳು.
ಹೆರಿಗೆಯಲ್ಲಿ ನನ್ನ ಕೈ ಹಿಡಿದಿದ್ದೋಳು.
ಅವಳನ್ನ ಬೈದವರಲ್ಲಿ ನನ್ನದೇ ದೊಡ್ಡ ಗಂಟಲು.
(ಇದನ್ನ ಡಾಕ್ಟರಮ್ಮನಿಗೆ ಹೇಳಲಿಲ್ಲ.)

ಗಂಡ ಹೇಗೆ?
ಒಳ್ಳೇವರೇ. ಹೊಡೆಯಲ್ಲ.
ನಮ್ಮ ಬೀದಿಯಲ್ಲಿ ಒಳ್ಳೇತನಕ್ಕೆ ಅಷ್ಟು ಸಾಕು.
ಸೇವಂತಿಗೆ ಮೂಟೆಯ ಟೆಂಪೋ ಓಡಿಸ್ತಾರೆ,
ಬಂದವರೇ ಮಲಗ್ತಾರೆ, ಮೈಯೆಲ್ಲ ಹೂವಿನ ವಾಸನೆ.
ನನ್ನ ಮೈಯಲ್ಲಿ ಬೆಂದ ಹುಳದ ವಾಸನೆ,
ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಹೋಗಲ್ಲ.
ಮಗಳು ಪಿಯುಸಿ ಸೇರಿದ ಮೇಲೆ
ಕಾಲೇಜು ಗೇಟಿನ ಹತ್ತಿರ ಬರಬೇಡಮ್ಮ ಅಂದಳು.
ಮೆತ್ತಗೇ ಅಂದಳು.
ಮೆತ್ತಗೆ ಅಂದದ್ದೇ ಈಗಲೂ ಚುಚ್ಚುತ್ತೆ.

ಅತ್ತೆಗೆ ಸಕ್ಕರೆ ಕಾಯಿಲೆ.
ಕಾಲಿನ ಹುಣ್ಣಿಗೆ ಬಟ್ಟೆ ಕಟ್ಟುವಾಗ
ನೀರಿಗೆ ಸುಲಿದು ಬಿಳಿಚಿದ ನನ್ನ ಬೆರಳು ನೋಡಿ
"ಇಬ್ಬರದೂ ಕೊಳೀತಾ ಐತಲ್ಲೇ" ಅಂತಾರೆ.
ನಗ್ತೀವಿ, ಇಬ್ಬರೂ.
ಮನೇಲಿ ನಗು ಅಂತ ಇದ್ದರೆ ಅದೊಂದೇ.

ಹೊರಗೆ ಕ್ಯೂ ಗೊಣಗುತ್ತಿತ್ತು. ಡಾಕ್ಟರಮ್ಮ ಕಾಯುತ್ತಿದ್ದಳು.
ಒಂದೇ ಎಳೆ ಆಗಿದ್ದರೆ ಎಳೆದು ಕೈಗೆ ಕೊಡ್ತಿದ್ದೆ.
ಇಲ್ಲಿ ಒಂದನ್ನ ಎಳೆದರೆ
ಬೇಸಿನ್ನಿನ ಗೂಡೆಲ್ಲ ಒಟ್ಟಿಗೆ ತಿರುಗ್ತವೆ.
ಹೇಳಿದ್ದಿಷ್ಟೇ: "ಏನೂ ಇಲ್ಲಮ್ಮ, ತಲೆನೋವು."

ಅವಳು ಪೆನ್ನು ಕೆಳಗಿಟ್ಟಳು.
ನನ್ನ ಬೆರಳು ಹಿಡಿದು, ತಿರುಗಿಸಿ, ನೋಡಿ,
"ಮುಂದಿನ ಮಂಗಳವಾರ ಬನ್ನಿ" ಅಂದಳು.
"ತಲೆನೋವಿದ್ದರೂ ಬನ್ನಿ,
ಏನೂ ಇಲ್ಲದಿದ್ದರೂ ಬನ್ನಿ."

ಬಸ್ಸಿನಲ್ಲಿ ಕಂಡಕ್ಟರು
ಸೊನ್ನೆ ರೂಪಾಯಿ ಟಿಕೆಟ್ಟಿಗೆ ಮಿಷನ್ ಒತ್ತುತ್ತಾ
"ಎಲ್ಲಿಗಮ್ಮಾ?" ಅಂದ.
ಬಾಯಿ ತೆರೆದೆ.
ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಊರಿನ ಹೆಸರು ಬರಲಿಲ್ಲ.
ಬಂದದ್ದು ಅಳು. ಅಷ್ಟು ಜನದ ಮುಂದೆ,
ಬೆಂದ ಗೂಡು ಸಡಿಲಾದ ಹಾಗೆ,
ನಿಲ್ಲದೆ, ಕಡಿಯದೆ.

ಅವನು ಮಿಷನ್ ಹಿಡಿದುಕೊಂಡೇ ನಿಂತ.
ಹಿಂದಿನ ಸೀಟಿನಿಂದ ಯಾರೋ ಒಬ್ಬಳು,
ಮುಖ ನೋಡಲಿಲ್ಲ ನಾನು,
"ಮಳ್ಳೂರು ಅಂತ ಕೊಡಪ್ಪ" ಅಂದಳು,
"ನಮ್ಮೂರಿನೋಳೇ."