ಹದ

ಮರಳು ಕಾದದ್ದು ನನ್ನ ಕೈಗೆ ಗೊತ್ತು.
ಹಿಡಿ ಅಕ್ಕಿ ಚೆಲ್ಲಿದರೆ ಸಾಕು,
ಚಟಪಟ ಸದ್ದಲ್ಲೇ ಹೇಳುತ್ತೇನೆ
ಒಲೆಗೆ ಇನ್ನಷ್ಟು ಹೊಟ್ಟು ಬೇಕೋ ಬೇಡವೋ.
ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತೆರಡು ವರ್ಷ,
ನಿನಗೇನನ್ನಿಸುತ್ತೆ ಅಂತ
ಯಾರೂ ಕೇಳಿದ್ದಿಲ್ಲ.

ಇಲ್ಲಿ, ಮೂರನೇ ಮಹಡಿ.
ಚಪ್ಪಲಿ ಹೊರಗೆ. ನೀಲಿ ಗೌನು ಹಿಂದುಮುಂದು.
ಡಾಕ್ಟರಮ್ಮ ಕೇಳುತ್ತಾರೆ:
"ನಿಮಗೇನನ್ನಿಸುತ್ತೆ, ಬುಡೇನ್ ಸಾಬ್?"

ತಸ್ಮಿಯಾಗೆ ನಾಲ್ಕು ತುಂಬಿ ಎರಡು ತಿಂಗಳು.
ಯುಗಾದಿಯಿಂದೀಚೆಗೆ ಗಂಟಲಿಗೆ ಇದು ಮೂರನೇ ಕೊಳವೆ.
ಎದೆಗೆ ಹುಟ್ಟಿನಿಂದಲೇ ಬಲವಿಲ್ಲ;
ಯಂತ್ರ ಉಬ್ಬಿಸಿದಾಗ ಉಬ್ಬುತ್ತದೆ,
ಬಿಟ್ಟಾಗ ಇಳಿಯುತ್ತದೆ.

"ಗುರುವಾರ ಕೊಳವೆ ತೆಗೆಯಬಹುದು.
ತಾನೇ ಉಸಿರಾಡಿದರೆ ಆಯಿತು.
ಸೋತರೆ, ಕತ್ತಿಗೊಂದು ಕಿಂಡಿ ಮಾಡಿ
ಮನೆಯಲ್ಲೂ ಯಂತ್ರ ಇಡಬೇಕು.
ಇಲ್ಲವೇ…"
ಇಲ್ಲವೇ ಅಂದಮೇಲೆ ಅವರು ಪರದೆಯ ಕೊಕ್ಕೆ ಸರಿಮಾಡಿದರು.
"ಇಲ್ಲವೇ, ನೋವಾಗದ ಹಾಗೆ ನೋಡಿಕೊಂಡು
ನಿಮ್ಮ ಮಡಿಲಲ್ಲೇ ಇಟ್ಟುಕೊಳ್ಳಬಹುದು."

ನನಗೆ ಸಿಟ್ಟು ಬಂತು. ಗಂಟಲೆತ್ತರಿಸಿ ಹೇಳಿದೆ:
"ಓದಿದವರು ನೀವು. ನಾನೇನು ಹೇಳಲಿ?
ನಾಳೆ ಯಾರಾದರೂ ಕೇಳಿದರೆ
ಅಪ್ಪನೇ ಹೇಳಿದ ಅಂತೀರಾ?"

ಅವರು ಸ್ಟೂಲು ಎಳೆದು ಕೂತರು, ನನಗಿಂತ ಕೆಳಗೆ.
"ಸೇರಿ ಹೇಳಿದೆವು ಅಂತೀನಿ.
ನನ್ನ ಸಹಿ ಮೊದಲು."
ಆಮೇಲೆ, ಏನು ನೆನಪಾಯಿತೋ:
"ಭಟ್ಟಿಯಲ್ಲಿ ಹದ ತಪ್ಪಿದರೆ?"
"ತಪ್ಪಿದ್ದು ಗೊತ್ತಾಗೋದು ಸೀದ ಮೇಲೇ."
"ನಂದೂ ಅಷ್ಟೇ," ಅಂದರು.

ಹನ್ನೊಂದು ದಿನದಿಂದ ಗೋಡೆಗೊರಗಿದ್ದ ಜರೀನಾ
ಆಗ ಬಾಯಿ ತೆರೆದಳು:
"ಮೊದಲು ಆ ರಟ್ಟು ಬಿಚ್ಚಿ."

ಬಲಗೈಗೆ ಔಷಧಿ ಡಬ್ಬಿಯ ರಟ್ಟು,
ಸೂಜಿ ಜಾರದ ಹಾಗೆ ಬೆರಳವರೆಗೂ ಪಟ್ಟಿ.
"ಬೇಡ ಅನ್ನೋಕೆ ಅವಳು ಹೆಬ್ಬೆರಳು ಮಡಚುತ್ತಾಳೆ.
ಕೊಳವೆ ಹಾಕಿ ಒಂದು ಬಾಯಿ ಮುಚ್ಚಿದಿರಿ,
ಸರಿ, ಅದು ಉಸಿರಿಗೆ.
ಇನ್ನೊಂದು ಬಾಯಿ ಯಾಕೆ ಕಟ್ಟಿದಿರಿ?"

ಡಾಕ್ಟರಮ್ಮ ತುಂಬ ಹೊತ್ತು ಆ ಕೈಯನ್ನೇ ನೋಡಿದರು.
ಮಾನಿಟರಿನಲ್ಲಿ ಹಸಿರು ಗೆರೆ ತನ್ನ ಪಾಡಿಗೆ ಓಡುತ್ತಿತ್ತು,
ಅದಕ್ಕೆ ಈ ವಿಷಯ ತಿಳಿಸಿದವರಿಲ್ಲ.

ರಾತ್ರಿ ಸೂಜಿ ಎಡಗಾಲಿಗೆ ಹೋಯಿತು.
ಕಫ ಎಳೆಯಲು ಸಿಸ್ಟರ್ ಪೈಪು ತಂದಾಗ
ಹೆಬ್ಬೆರಳು ಮಡಚಿತು,
ನಿಧಾನವಾಗಿ, ಒಣಗಿದ ಎಲೆಯ ಹಾಗೆ.
ಸಿಸ್ಟರ್ ನಿಂತರು. ಜರೀನಾ ಮೂರು ಎಣಿಸಿದಳು.
ಎಣಿಸಿ ಮುಗಿದ ಮೇಲೆ ಎಳೆದರು.
ಎಳೆಯಲೇಬೇಕಿತ್ತು.

ಫಾರಮ್ಮಿನಲ್ಲಿ ತೀರ್ಮಾನ ಅನ್ನುವ ಕಡೆ
ಡಾಕ್ಟರಮ್ಮ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ:
'ಬುಧವಾರ ಸಂಜೆ ಮೂವರೂ ಮತ್ತೆ ಕೂರುವುದು.'
ಕೆಳಗೆ ಅವರ ಸಹಿ, ಜರೀನಾಳ ಸಹಿ,
ನನ್ನದಕ್ಕೆ ಜಾಗ.

ಇನ್ನೂ ಮಾಡಿಲ್ಲ.
ಬುಧವಾರಕ್ಕೆ ಒಂದು ರಾತ್ರಿ ಇದೆ.
ಅವಳ ಅಂಗೈಯೊಳಗೆ ನನ್ನ ಬೆರಳಿಟ್ಟು ಕೂತಿದ್ದೇನೆ,
ಬಿಸಿ ಎಷ್ಟಿದೆ ಅಂತ.