ಓರೆ ತೂತು

ನಾಳೆ ಹತ್ತಕ್ಕೆ ಲಿಂಗಸುಗೂರಿನಿಂದ ಖಾಜಾಹುಸೇನ ಬರುತ್ತಾನೆ,
ಛತ್ರಿ ತಂದು ನಮ್ಮ ಮಾಳಿಗೆ ಮೇಲೆ ಮಗುಚಿ ಇಡುತ್ತಾನೆ.
ಫೋನಿನಲ್ಲೇ ಹೇಳಿಬಿಟ್ಟ:
"ವೈರು ಎಳೆದಿಟ್ಟಿರ್ರಿ ಅಕ್ಕಾರ,
ಗ್ವಾಡಿ ಕೊರಿಯಾದು ನಮ್ಮ ರೇಟಿನಾಗ ಬರಂಗಿಲ್ಲ."

ಹಾಗಾಗಿ ಐತವಾರ, ಹಟ್ಟಿ ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ
ನಾನು ಸ್ಟೂಲಿನ ಮೇಲೆ,
ಅಪ್ಪ ಸ್ಟೂಲಿನ ಕಾಲು ಹಿಡಿದು ಕೆಳಗೆ.

ಮೊದಲು ಹಳೆಯದನ್ನು ಕಿತ್ತೆ.
ಕೇಬಲ್ ಮೌನೇಶ ಬೇವಿನ ಕೊಂಬೆಗೆ ಕಟ್ಟಿಹೋದ ಕರಿ ವೈರು,
ಮೂರು ಗಂಟು, ಮೂರಕ್ಕೂ ಬೇರೆ ಬೇರೆ ಅಂಗಿ:
ಒಂದಕ್ಕೆ ಟೇಪು, ಒಂದಕ್ಕೆ ಸೈಕಲ್ ಟ್ಯೂಬು,
ಒಂದಕ್ಕೆ ಅವ್ವ ಆಸ್ಪತ್ರೆಯಿಂದ ತಂದ
ಗಾಯದ ಪಟ್ಟಿ.
ಹದಿನಾಲ್ಕು ವರ್ಷ ಧಾರಾವಾಹಿಗಳೆಲ್ಲ
ಆ ಗಾಯ ದಾಟಿಯೇ ಒಳಗೆ ಬಂದಿದ್ದವು.

ಡ್ರಿಲ್ ನನ್ನದು. ಐಟಿಐ ಮುಗಿಸಿ
ಮೊದಲ ಪಗಾರದಲ್ಲಿ ಕೊಂಡದ್ದು.
ಗುರುತು ಹಾಕಿದೆ. ಅಪ್ಪ ಒಪ್ಪಲಿಲ್ಲ.
ಎಡಗಿವಿ ಮಷಿನ್ನಿಗೆ ಕೊಟ್ಟು ಬಂದವನು,
ಗೋಡೆಗೆ ಅಂಗೈ ಊರಿ, ಗೆಣ್ಣಿನಿಂದ ಬಡಿದು,
ಅಂಗೈಯಿಂದಲೇ ಕೇಳಿಸಿಕೊಂಡ.
"ಇಲ್ಲಿ ಬ್ಯಾಡ. ಕಲ್ಲೈತಿ. ನಾಕು ಬೆರಳು ಎಡಕ್ಕ.
ಮತ್ತ ನೆಟ್ಟಗ ಹೊಡಿಬ್ಯಾಡ, ಹೊರಮಗ್ಗುಲಿಗೆ ತುಸು ಇಳಿಸು.
ನೀರಿಗೆ ಮನಿ ದಾರಿ ತೋರಸಬಾರದು."

ಪುಸ್ತಕದಲ್ಲೂ ಅದೇ ಇತ್ತು. ನಾನು ಹೇಳಲಿಲ್ಲ.

ಪುಡಿ ಉದುರಿತು: ಸುಣ್ಣ, ಆಮೇಲೆ ಕೆಂಪಿಟ್ಟಿಗೆ, ಆಮೇಲೆ ಬೂದು.
ಅಪ್ಪ ಒಂದು ಚಿಟಿಕೆ ಎತ್ತಿಕೊಂಡು
ಬೆರಳಲ್ಲಿ ತಿಕ್ಕಿ, ಬಾಗಿಲಿನ ಬೆಳಕಿಗೆ ಓರೆ ಹಿಡಿದ.
"ಏನ್ ನೋಡ್ತೀ?"
"ಏನಿಲ್ಲವಾ. ರೂಢಿ."

ಮಧ್ಯಾಹ್ನ ಅರ್ಥಿಂಗಿಗೆ ಗುಂಡಿ ತೆಗೆದ.
ಮೊಣಕಾಲು ಇಳಿಯುವ ತನಕ ಮುದುಕ,
ಸೊಂಟ ಇಳಿದ ಮೇಲೆ ಹರೆಯದವನು.
ಎರಡು ಸೇರು ಉಪ್ಪು, ಇಸ್ತ್ರಿಯವರ ಇದ್ದಿಲು, ಒಂದು ಪೈಪು.
ಪಕ್ಕದ ರಂಗೂಬಾಯಿ ಕಂಪೌಂಡಿನ ಮೇಲಿಂದ ಬಗ್ಗಿ,
"ಸೂಗಪ್ಪಣ್ಣಾ, ಇಲ್ಲೂ ಬಂಗಾರ ಹತ್ತಿತೇನು?" ಅಂದಳು.
"ಸಿಡ್ಲಿಗೆ ದಾರಿ ಮಾಡಾಕತ್ತೀನವಾ,
ನಿಮ್ಮನಿಗೆ ಬರಬಾರದಲ್ಲ" ಅಂದ.

ಚಹಾ ಕುಡಿಯುವಾಗ ಕೇಳಿದ:
"ಸಿಗ್ನಲ್ಲು ಎಷ್ಟು ದೂರದಿಂದ ಬರ್ತದದು?"
"ಮೂವತ್ತಾರು ಸಾವಿರ ಕಿಲೋಮೀಟರು."
ಬಸಿಯಲ್ಲಿ ಚಹಾ ಆರುತ್ತಿತ್ತು.
"ನಮ್ದು ಎರಡೂವರಿ ಸಾವಿರ ಫೂಟು.
ಒಂದು ಹಗ್ಗ, ಒಂದು ಗಂಟಿ.
ತಳಗ ಜಗ್ಗಿದ್ರ ಮ್ಯಾಲಿನವಗ ಕೇಳತಿತ್ತು."
ಆಮೇಲೆ, ಬಸಿಗೆ ಹೇಳುವಂತೆ,
"ಒಂದ್ಸಲ ಕೇಳಲಿಲ್ಲ."
ನಾನು ಕಾದೆ.
"ಆ ಬಿಟ್ಟು ಬಿಸಿಯಾಗೇತಿ, ನೀರಾಗ ಅದ್ದಬ್ಯಾಡ" ಅಂದು
ಎದ್ದುಹೋದ.

ಸಂಜೆ ಮಾಳಿಗೆ ಹತ್ತಿ ಹೊಸ ವೈರು ಇಳಿಬಿಟ್ಟೆ.
ತೂತಿನ ಹೊರಗೆ ಅದಕ್ಕೊಂದು ಜೋಲು ಬಿಟ್ಟೆ,
ಮಳೆ ಹನಿ ಅಲ್ಲಿಯ ತನಕ ಬಂದು, ಒಳಗೆ ಬಾರದೆ
ಕೆಳಗೆ ಬೀಳಲಿ ಎಂದು.
ತೆಂಕಣ ದಿಕ್ಕಿಗೆ ಆಕಾಶ ಖಾಲಿ.
ಬೇವಿನದೊಂದು ಕೊಂಬೆ ಅಡ್ಡ ಬರಬಹುದು, ನಾಳೆ ನೋಡೋಣ.
ದೂರ ಶಾಫ್ಟಿನ ಗಾಲಿ ತಿರುಗುತ್ತಿತ್ತು,
ಪಾಳಿ ಬದಲಾಗುವ ಹೊತ್ತು.

ಕ್ಲಿಪ್ಪು ಇನ್ನೂ ಹೊಡೆದಿರಲಿಲ್ಲ.
ಕೈಯಲ್ಲಿದ್ದ ತುದಿ ಒಮ್ಮೆಲೇ ಅಲುಗಿತು:
ಎರಡು ಸಲ. ತಡೆದು, ಮತ್ತೊಂದು ಸಲ.
ಕೆಳಗೆ ಕೋಣೆಯೊಳಗೆ ಅಪ್ಪ.
ಉತ್ತರ ಏನು ಕೊಡಬೇಕೋ ತಿಳಿಯದೆ
ನಾನೂ ಒಂದು ಸಲ ಜಗ್ಗಿದೆ.

ತೂತಿನಿಂದಲೇ ಬಂತು ಕೂಗು:
"ಹುಚ್ಚೀ, ಒಂದು ಅಂದ್ರ ನಿಲ್ಸು ಅಂತ!"

ನಿಲ್ಲಿಸಿದೆವು. ಒಂದೂವರೆ ಮೀಟರು ಹೆಚ್ಚಿಗೆ ಬಿಟ್ಟು
ತುದಿಗೆ ಹಾಲಿನ ಪಾಕೀಟು ತೊಡಿಸಿ ರಬ್ಬರು ಸುತ್ತಿದೆ.

ಎರಡನೇ ಪಾಳಿ ಮುಗಿಸಿ ಅವ್ವ ಬಂದಾಗ ಹತ್ತೂವರೆ.
ಹೊಸ್ತಿಲಲ್ಲೇ ನಿಂತು, ಕೆಂಪು ಪುಡಿಯಲ್ಲಿ
ಇಬ್ಬರ ಹೆಜ್ಜೆಗಳನ್ನೂ ನೋಡಿ ಕೇಳಿದಳು:
"ಟಿ.ವಿ. ಎಲ್ಲೈತಿ?"
ಅಪ್ಪ ಗೋಡೆಯ ತೂತು ತೋರಿಸಿದ.